ಉಳಿಕೆ ನೂಲಿನ ಹೊದಿಕೆಯಲ್ಲಿ ಒಂದು ಗುಲಾಬಿ ಪಟ್ಟೆ

ನಾನು ಕ್ಷಯದಿಂದ ಕೆಮ್ಮುತ್ತಿದ್ದ ಅಷ್ಟೂ ತಿಂಗಳು ನೀವು ನನ್ನನ್ನು ಪರೀಕ್ಷಿಸಲಿಲ್ಲ. ನನ್ನ ವಿಳಾಸವನ್ನು ಪರೀಕ್ಷಿಸಿದಿರಿ. "ಮನ್ಯಾಗ ಮಗ್ಗ ಅದಾವೇನು?" ಎಂದು ಕೇಳಿದಿರಿ. ಇವೆ ಎಂದೆ. ಅಲ್ಲಿಗೆ ನಿಮ್ಮ ವೈದ್ಯಶಾಸ್ತ್ರ ಮುಗಿಯಿತು. ಕೆಮ್ಮಿನ ಔಷಧದ ಬಾಟಲಿ ಬರೆದುಕೊಟ್ಟು, ನೂಲಿನ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲು ಹೇಳಿ, ಮುಂದಿನವರನ್ನು ಕರೆದಿರಿ. ಮುಂದಿನವರಿಗೂ ಅದೇ ಪ್ರಶ್ನೆ ಕೇಳಿದ್ದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದೇನೆ.

ಆಸ್ಪತ್ರೆಯ ಹೆಸರನ್ನು ನಾನು ಬೇಕೆಂದೇ ಬರೆಯುತ್ತಿಲ್ಲ. ಒಂದು ಹೆಸರು ಬರೆದರೆ ಉಳಿದವರೆಲ್ಲ ನಿರಾಳರಾಗುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರ ಎದೆಯ ಹೊಣೆ ಹೊತ್ತು ಕುರ್ಚಿಯಲ್ಲಿ ಕುಳಿತಿರುವ ಯಾರೂ ನಿರಾಳರಾಗುವುದು ನನಗೆ ಬೇಕಿಲ್ಲ. ಈ ಬರಹ ಮೊದಲು ಅವರಿಗೆ. ಆಮೇಲೆ, ಅಂಥದೇ ಬಾಟಲಿಯನ್ನು ಚೀಲದಲ್ಲಿಟ್ಟುಕೊಂಡು ಈಗ ಯಾವುದೋ ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿ ಕುಳಿತಿರುವ ಇನ್ನೊಬ್ಬಳಿಗೆ.

ನಮ್ಮ ಮನೆ ಬನಹಟ್ಟಿಯಲ್ಲಿ. ಕೆಳಗೆ ನಾಲ್ಕು ಪವರ್‌ಲೂಮ್, ಮೇಲೆ ನಾವು. ಅಪ್ಪ ಮತ್ತು ಅಣ್ಣ ಮಗ್ಗ ನಡೆಸುತ್ತಾರೆ; ಅವ್ವ ಕಂಡಿಕೆ ಸುತ್ತುತ್ತಾಳೆ. ಲಾಳಿಯೊಳಗೆ ಕೂರುವ ನೂಲಿನ ಪುಟ್ಟ ಕೊಳವೆಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ, ಜಮಖಂಡಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಣ್ಣನ ಹೆಂಡತಿ ಶೈಲಾ ವೈನಿ ಮುಧೋಳದವರು. ಅವರು ಆಗ ಬಸುರಿ, ಚೊಚ್ಚಲ.

ಮಗ್ಗ ನಡೆಯುವ ಮನೆಯಲ್ಲಿ ಮಾತು ಕೇಳಿಸುವುದಿಲ್ಲ. ತುಟಿ ನೋಡಿ, ಕೈಸನ್ನೆ ನೋಡಿ ತಿಳಿದುಕೊಳ್ಳುತ್ತೇವೆ. ಊಟಕ್ಕೆ ಕರೆಯುವುದೂ ಬೈಯುವುದೂ ಕೈಯಲ್ಲೇ. ಅಂಥ ಮನೆಯಲ್ಲಿ ಕೆಮ್ಮು ಎಲ್ಲರಿಗೂ ಇರುತ್ತದೆ, ಯಾರಿಗೂ ಕೇಳಿಸುವುದಿಲ್ಲ. ಅಪ್ಪನ ಕೆಮ್ಮು ನಾನು ಹುಟ್ಟುವ ಮೊದಲಿನದು. ನನ್ನ ಕೆಮ್ಮನ್ನು ನಾನೂ ಆ ಲೆಕ್ಕಕ್ಕೇ ಹಾಕಿದೆ. ಮಗ್ಗದ ಮನೆಯವರಷ್ಟೇ ಮಾಡಬಲ್ಲ ತಪ್ಪು ಅದು. ಆದರೆ ನಾವು ಮಾಡುವ ತಪ್ಪನ್ನು ತಿದ್ದಲೆಂದೇ ನಿಮಗೆ ಪ್ರಯೋಗಾಲಯ ಕೊಟ್ಟಿರುವುದು. ಆ ತಪ್ಪಿಗೇ ಔಷಧ ಚೀಟಿ ಬರೆಯಲೆಂದಲ್ಲ.

ಒಂದು ದಿನ ದುರಸ್ತಿಗೆಂದು ಬೆಳಗಿನಿಂದ ಕರೆಂಟ್ ತೆಗೆದಿದ್ದರು. ಓಣಿಯ ಎಲ್ಲ ಮಗ್ಗಗಳೂ ನಿಂತವು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಮೇಲಿನ ಕೋಣೆಯಲ್ಲಿ ಕೆಮ್ಮತೊಡಗಿದೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಮೆಟ್ಟಿಲ ಮೇಲೆ ಬಂದು ನಿಂತಳು. ನಾನು ಮುಗಿಸುವವರೆಗೆ ಕೇಳಿದಳು.

"ಇದು ಮಗ್ಗದ ಕೆಮ್ಮಲ್ಲ," ಎಂದಳು. "ನಿಮ್ಮಪ್ಪಂದು ಮ್ಯಾಲಿಂದ ಬರತೈತಿ. ನಿಂದು ತಳದಿಂದ ಬರಾಕತ್ತೈತಿ."

ಮರುದಿನ ಅವ್ವ ನನ್ನೊಡನೆ ಜಮಖಂಡಿಗೆ ಹೊರಟಳು. ಈ ಸಲ ಬೇರೆ ವೈದ್ಯರ ಬಳಿಗೆ. ಕಾಯುವ ಕೋಣೆಯಲ್ಲಿ ಗೋಡೆಗೆ ಅಂಟಿದ ಒಂದು ಬೆಂಚು, ಅದರ ಮೇಲೆ ಹಿಡಿಸಲಾರದಷ್ಟು ಜನ. ಬೀಳಗಿಯ ಕಡೆಯ ಹೆಂಗಸೊಬ್ಬರು ತಾವು ಸರಿದು ನನಗೆ ಜಾಗ ಮಾಡಿದರು. ಆಕೆಗೆ ಆ ಕೋಣೆ ಹೊಸದಲ್ಲ. ಗಂಡನ ಚಿಕಿತ್ಸೆಗೆಂದು ತಿಂಗಳುಗಟ್ಟಲೆ ಬಂದು ಹೋದವರು. ನನ್ನ ಕೈಗೆ ಕಫದ ಡಬ್ಬಿ ಕೊಟ್ಟು, ಕಂಪೌಂಡಿನ ಆಚೆ ಬಯಲಿಗೆ ಹೋಗಿ ತುಂಬಿಸಿ ತರಲು ಹೇಳಿದಾಗ ನಾನು ಅಲ್ಲೇ ನಿಂತುಬಿಟ್ಟೆ. ಅಷ್ಟು ಜನರೆದುರು ಆ ಡಬ್ಬಿ ಹಿಡಿದು ನಡೆಯುವುದು ನನ್ನಿಂದಾಗಲಿಲ್ಲ. ಬೀಳಗಿಯ ಹೆಂಗಸು ತಮ್ಮ ಪಾಡಿಗೆ ಎಂಬಂತೆ ಹೇಳಿದರು: "ಎಲ್ಲಾರೂ ಹಿಡಕೊಂಡ ಹೋದವರ ಅದಾರ ತಂಗಿ. ಸೆರಗಿನ್ಯಾಗ ಇಟ್ಕೋ, ಪ್ರಸಾದ ಒಯ್ದಂಗ ಕಾಣತೈತಿ."

ನಾನು ನಕ್ಕೆ, ಡಬ್ಬಿಯನ್ನು ಸೆರಗಿನಲ್ಲಿಟ್ಟುಕೊಂಡು ಬಯಲಿಗೆ ಹೋದೆ, ನಕ್ಕದ್ದು ಅಲ್ಲಿ ಕೆಮ್ಮಾಯಿತು, ಆ ಕೆಮ್ಮಿನಲ್ಲೇ ಡಬ್ಬಿ ತುಂಬಿತು.

ಒಳಗಿದ್ದ ವೈದ್ಯೆ ಮಗ್ಗದ ಸುದ್ದಿ ತೆಗೆಯಲಿಲ್ಲ. ಸಂಜೆ ಜ್ವರ ಬರುತ್ತದೆಯೇ, ಬೆವರಿ ಏಳುತ್ತೀಯಾ, ರವಿಕೆ ಸಡಿಲವಾಗಿದೆಯೇ ಎಂದು ಕೇಳಿದರು. ಮೂರಕ್ಕೂ ಅವ್ವನೇ ಉತ್ತರ ಕೊಟ್ಟಳು. ಇಷ್ಟೇ ಪ್ರಶ್ನೆಗಳು, ಒಂದು ಡಬ್ಬಿ, ಒಂದು ಎಕ್ಸ್‌ರೇ. ಇಷ್ಟಕ್ಕೆ ನೀವು ನನ್ನನ್ನು ತಿಂಗಳುಗಟ್ಟಲೆ ಕಾಯಿಸಿದ್ದಿರಿ. ವರದಿ ಬಂದಾಗ ಆಕೆ ರೋಗದ ಹೆಸರನ್ನು ತಗ್ಗಿದ ದನಿಯಲ್ಲಿ ಹೇಳಲಿಲ್ಲ. ಟಿ.ಬಿ. ಎಂದರು, ಗುಣವಾಗುತ್ತದೆ ಎಂದರು, ಎರಡನ್ನೂ ಒಂದೇ ಸಮನೆ ಹೇಳಿದರು. ಅದಕ್ಕಾಗಿ ನಾನು ಆಕೆಗೆ ಇಂದಿಗೂ ಋಣಿ. ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಸಣ್ಣ ಮಕ್ಕಳು, ಬಸುರಿಯರು ಯಾರಾದರೂ ಇದ್ದಾರೆಯೇ?

ಶೈಲಾ ವೈನಿಗೂ ಕೆಮ್ಮಿತ್ತು. ಮಗ್ಗದ ಮನೆಗೆ ಬಂದ ಸೊಸೆಗೆ ಕೆಮ್ಮು ಹತ್ತುವುದು ನಮ್ಮಲ್ಲಿ ಸುದ್ದಿಯಲ್ಲ. ಈಗ ಅದು ಯಾವ ಕೆಮ್ಮು ಎಂದು ಹೇಳಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಅವ್ವ ವೈನಿಯ ಎದೆಗೆ ಕಿವಿಗೊಟ್ಟು ಕೇಳಿದಳು, ಮತ್ತೆ ಕೇಳಿದಳು, "ತಿಳಿವಲ್ಲದು" ಎಂದು ಕೂತುಬಿಟ್ಟಳು.

ಅಪ್ಪ ಆ ದಿನ ಮಗ್ಗ ಹಚ್ಚಲಿಲ್ಲ. ಕೇಳಿದವರಿಗೆಲ್ಲ ನನಗೆ ನಿಮೋನಿಯಾ ಎಂದು ಹೇಳಿ ಬಂದರು. ವೈನಿಯ ತಾಯಿ ಮಾತ್ರ, ಮಗಳಿಂದ ನಿಜ ತಿಳಿದು, ಮುಧೋಳದಿಂದ ಕಾರು ಮಾಡಿಕೊಂಡು ಬಂದು, ಬಾಗಿಲ ಹೊರಗೇ ನಿಂತು, ಮಗಳನ್ನು ಕರೆದುಕೊಂಡು ಹೋದರು. ಬಾಣಂತನಕ್ಕೆ ಹೇಗೂ ತವರಿಗೆ ಹೋಗಬೇಕಾದವರೇ, ತುಸು ಮುಂಚೆ ಹೋದರು, ಅಷ್ಟೇ ಎಂದು ಎಲ್ಲರೂ ಹೇಳಿಕೊಂಡೆವು. ವೈನಿ ಕಾರು ಹತ್ತುವ ಮುಂಚೆ ಮಾಳಿಗೆಯ ಕಿಟಕಿಯತ್ತ ತಲೆಯೆತ್ತಿ ನನಗೆ ಕೇಳುವಂತೆ ಹೇಳಿದರು: "ಹೆಸರಿಡಾಕ ನೀನ ಬರಬೇಕು. ಇರೋ ಅತ್ತಿ ನೀ ಒಬ್ಬಾಕಿ."

ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಎಂದು ಹೆಸರು ಹೇಳುವವಳು ಸೋದರತ್ತೆ. ಉಳಿದ ಹೆಂಗಸರು ಆಗ ಅವಳ ಬೆನ್ನಿಗೆ ಗುದ್ದುತ್ತಾರೆ. ಅಣ್ಣನಿಗೆ ನಾನೊಬ್ಬಳೇ ತಂಗಿ. ಹುಟ್ಟಲಿರುವ ಕೂಸಿನ ಕಿವಿಗೆ ಮೊದಲು ತಾಗಬೇಕಾದ ಉಸಿರು ನನ್ನದು. ಅದೇ ಉಸಿರಿಗೆ ಹೆದರಿ ಅದರ ತಾಯಿ ಮನೆ ಬಿಟ್ಟು ಹೋಗುತ್ತಿದ್ದರು. ಮುಂದಿನ ತಿಂಗಳುಗಳಲ್ಲಿ ನನಗಿದ್ದದ್ದು ಎರಡೇ ಪ್ರಶ್ನೆ. ನನ್ನ ಕೆಮ್ಮು ವೈನಿಯನ್ನು ಮುಟ್ಟಿದೆಯೇ? ಆ ಕಿವಿಯ ಬಳಿಗೆ ನಾನು ಬಾಯಿ ಒಯ್ಯಬಲ್ಲೆನೇ?

ಮಾಳಿಗೆಯ ಕೋಣೆ ನನ್ನದಾಯಿತು. ಕಿಟಕಿ ತೆರೆದಿರಬೇಕು, ಮುಖಕ್ಕೆ ಮಾಸ್ಕ್ ಇರಬೇಕು. ಗುಳಿಗೆ ನುಂಗಿದ ಮೇಲೆ ಹೊಟ್ಟೆ ತೊಳಸುವಾಗ ಚಹಾ ಕುಡಿಯದೆ ಒಣ ರೊಟ್ಟಿ ಅಗಿಯಬೇಕು. ಇದು ಬೀಳಗಿಯ ಹೆಂಗಸು ಹೇಳಿಕೊಟ್ಟದ್ದು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಕಂಡು ನಾನು ಗಾಬರಿಯಾದರೆ, ಅವ್ವ ಕೆಳಗಿನಿಂದಲೇ, ಆ ಬಣ್ಣದ ಸೀರೆಗೆ ಈಗ ಛಲೋ ಗಿರಾಕಿ ಇದೆ ಎಂದಳು.

ನಾನು ಹೆಣಿಗೆ ಕಲಿತದ್ದು ಧಾರವಾಡದ ಹಾಸ್ಟೆಲಿನಲ್ಲಿ, ಜೊತೆಯ ಹುಡುಗಿಯಿಂದ. ಹಳೆಯ ಕಡ್ಡಿಗಳು ಪೆಟ್ಟಿಗೆಯ ತಳದಲ್ಲಿದ್ದವು. ಅವನ್ನು ತೆಗೆದು, ಕೂಸಿಗೊಂದು ಹೊದಿಕೆ ಹೆಣೆಯುತ್ತೇನೆ, ಉಣ್ಣೆ ತರಿಸು ಎಂದಾಗ ಅವ್ವ ಒಪ್ಪಲಿಲ್ಲ. ಹುಟ್ಟುವ ಮೊದಲು ಕೂಸಿಗೆ ಹೊಸ ಬಟ್ಟೆ ಮಾಡಬಾರದು. ನಮ್ಮಲ್ಲಿ ಕೂಸನ್ನು ಮೊದಲು ಸುತ್ತುವುದೇ ಅಜ್ಜಿಯ ಹಳೆಯ ಸೀರೆಯಲ್ಲಿ. ನಾನು ವಾದಿಸಿದೆ. ಅವ್ವ ವಾದಿಸಲಿಲ್ಲ, ಕೆಳಗಿಳಿದು ಹೋದಳು. ಸ್ವಲ್ಪ ಹೊತ್ತಿಗೆ ಒಂದು ಬುಟ್ಟಿ ತುಂಬ ಕಂಡಿಕೆಗಳನ್ನು ತಂದು ಬಾಗಿಲಲ್ಲಿಟ್ಟಳು. ಸೀರೆಯ ಬಣ್ಣ ಬದಲಾಗುವಾಗ ಲಾಳಿಯಿಂದ ತೆಗೆದೆಸೆದವು. ಒಂದೊಂದರಲ್ಲೂ ಉಳಿದದ್ದು ಒಂದಿಷ್ಟೇ ನೂಲು.

"ಇದು ಹೊಸಾದಲ್ಲ," ಎಂದಳು. "ಉಳದದ್ದು. ಉಳದದ್ದಕ್ಕ ಎಲ್ಲಿ ದೋಷ? ಆದ್ರ ಕಡೀ ಸಾಲು ಮುಚ್ಚಬ್ಯಾಡ. ಕೂಸು ಹುಟ್ಟಿದ ಸುದ್ದಿ ಬರೂತನಕ ಕಡ್ಡಿ ಮ್ಯಾಲ ಇರಲಿ."

ಸೀರೆಯ ನೂಲು ಹೆಣಿಗೆಗೆ ಬಹಳ ಸಣ್ಣದು. ಅವ್ವ ರಾಟಿಯ ಮೇಲೆ ಆರೇಳು ಎಳೆ ಕೂಡಿಸಿ ಹುರಿ ಮಾಡಿ ಕೊಡುತ್ತಿದ್ದಳು, ನಾನು ಹೆಣೆಯುತ್ತಿದ್ದೆ. ಯಾವ ಬಣ್ಣವೂ ಎರಡು ಬೆರಳಿಗಿಂತ ಅಗಲಕ್ಕೆ ಸಾಲುತ್ತಿರಲಿಲ್ಲ. ಹಾಗಾಗಿ ಪಟ್ಟೆ ನನ್ನ ಆಯ್ಕೆಯಲ್ಲ, ಬುಟ್ಟಿಯ ತೀರ್ಮಾನ. ಅರಿಶಿನ, ಗಿಳಿಹಸಿರು, ನವಿಲುನೀಲಿ, ಒಂದು ಬಿಳಿ, ಅದರ ಪಕ್ಕದಲ್ಲಿ ದಡಿಯ, ಅಂದರೆ ಸೀರೆಯಂಚಿನ, ಕೆಂಪು. ಆ ವಾರ ಕೆಳಗೆ ಯಾವ ಸೀರೆ ನೇಯುತ್ತಿದ್ದಾರೆಂಬುದು ನನಗೆ ಹೊದಿಕೆಯಲ್ಲೇ ತಿಳಿಯುತ್ತಿತ್ತು. ಅಪ್ಪ ಒಮ್ಮೆ ಮೆಟ್ಟಿಲ ಮೇಲೆ ನಿಂತು ನೋಡಿದರು. "ನಾಕ ಮಗ್ಗ ಇದ್ದ ಮನ್ಯಾಗ ಎರಡ ಕಡ್ಡಿ ಹಿಡದ ಕುಂತಾಳ ನೋಡ, ಎಂ.ಎ. ಓದಿದಾಕಿ," ಎಂದರು. ಕಾಯಿಲೆ ಬಂದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಮರುದಿನದಿಂದ ಬುಟ್ಟಿಯಲ್ಲಿ ಉಳಿಕೆ ನೂಲು ತುಸು ಹೆಚ್ಚೇ ಇರತೊಡಗಿತು. ಕಂಡಿಕೆ ಮುಗಿಯುವ ಮೊದಲೇ ಅವರು ತೆಗೆದು ಹಾಕುತ್ತಿದ್ದರೆಂದು ಅಣ್ಣ ಆಮೇಲೆ ಹೇಳಿದ.

ಈಗ ನಿಮ್ಮ ಎರಡನೆಯ ಲೋಪಕ್ಕೆ ಬರುತ್ತೇನೆ. ಒಬ್ಬರಿಗೆ ಕ್ಷಯವೆಂದು ತಿಳಿದರೆ ಮನೆಯ ಉಳಿದವರನ್ನು ತಪಾಸಣೆ ಮಾಡಲು ನಿಮ್ಮ ಕಡೆಯವರು ಬರುತ್ತಾರೆ ಎಂದು ಜಮಖಂಡಿಯ ವೈದ್ಯೆ ಹೇಳಿದ್ದರು. ನಾವು ಕಾದೆವು. ಬನಹಟ್ಟಿಗೆ ಯಾರೂ ಬರಲಿಲ್ಲ, ಮುಧೋಳಕ್ಕೂ ಯಾರೂ ಹೋಗಲಿಲ್ಲ. ಇತ್ತ ವೈನಿಯ ತಾಯಿ ಫೋನಿನಲ್ಲಿ ಅವ್ವನಿಗೆ ಸ್ಪಷ್ಟವಾಗಿ ಹೇಳಿದ್ದರು: ಮಗಳು ಟಿ.ಬಿ. ಎಂಬ ಹೆಸರಿನ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತುವುದಿಲ್ಲ, ಆ ಹೊದಿಕೆಯೂ ತಮ್ಮ ಹೊಸ್ತಿಲು ದಾಟುವುದಿಲ್ಲ. ರೋಗ ಬಟ್ಟೆಯಲ್ಲಿ ಬರುತ್ತದೆಂಬುದು ಅವರ ನಂಬಿಕೆ. ಬರುವುದಿಲ್ಲವೆಂದು ವೈದ್ಯೆ ನನಗೆ ಬಿಡಿಸಿ ಹೇಳಿದ್ದರು. ನಾನು ಹೇಳಿದರೆ ಅವರು ಕೇಳುವಂತಿರಲಿಲ್ಲ.

ಹೊರಗೆ ತಿರುಗಾಡಬಹುದೆಂದು ಅನುಮತಿ ಸಿಕ್ಕೊಡನೆ ನಾನು ನಿಮ್ಮ ಕಚೇರಿಯೊಂದಕ್ಕೆ ಬಂದೆ. ಮೇಜಿನ ಆಚೆಗಿದ್ದವರು ನನ್ನ ಮಾಸ್ಕ್ ಕಂಡು ಕುರ್ಚಿಯನ್ನು ಹಿಂದಕ್ಕೆ ಜರುಗಿಸಿದರು. ನಾನು ವಿಷಯ ಹೇಳಿದೆ. ಅವರು ನನ್ನ ಓದು ಕೇಳಿ ತಿಳಿದುಕೊಂಡು, "ಓದಿದವರದೀರಿ. ನೀವ ತಿಳಿಸಿ ಹೇಳ್ರಿ ಅವರಿಗೆ," ಎಂದರು.

"ನಾ ಹೇಳಿದ್ರ ಅದು ರೋಗ ಇದ್ದಾಕಿ ಮಾತು ಆಕ್ಕೈತ್ರಿ," ಎಂದೆ. "ನೀವು ಹೇಳಿದ್ರ ಸರ್ಕಾರದ ಮಾತು ಆಕ್ಕೈತಿ."

ನೋಡೋಣ ಎಂದರು. ನೀವು ಇನ್ನೂ ನೋಡುತ್ತಲೇ ಇದ್ದೀರಿ.

ಕೊನೆಗೆ ವೈನಿಯೇ ತಾಯಿಯ ಮಾತು ಮೀರಿದರು. ಅಣ್ಣನನ್ನು ಕರೆಸಿಕೊಂಡು ಜಮಖಂಡಿಯ ಅದೇ ವೈದ್ಯೆಯ ಬಳಿ ಪರೀಕ್ಷೆಗೆ ಹೊರಟರು. ನಾನೂ ಹೋದೆ. ಅವರು ಕಾಯುವ ಕೋಣೆಯ ಒಳಗೆ. ನಾನು ಹೊರಗೆ, ಬೇವಿನ ಮರದ ಕಟ್ಟೆಯ ಮೇಲೆ. ಹೆಣಿಗೆ ಚೀಲದಲ್ಲಿತ್ತು, ಕೈಗೆತ್ತಿಕೊಳ್ಳಲಾಗಲಿಲ್ಲ. ಕಿಟಕಿಯ ಸರಳುಗಳ ಆಚೆ ವೈನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತದ್ದು ಕಾಣುತ್ತಿತ್ತು. ಒಮ್ಮೆ ಕೆಮ್ಮಿದರು. ನಾವು ಒಬ್ಬರನ್ನೊಬ್ಬರು ನೋಡಿದೆವು. ವೈನಿ ಮಗ್ಗದ ಮನೆಯ ಸೊಸೆ. ಕೈಯಲ್ಲಿ ಮಾತಾಡಲು ಕಲಿತಿದ್ದರು. ಎರಡು ಬೆರಳು ಕಡ್ಡಿಯಂತೆ ಆಡಿಸಿ, ಹೆಣೆ ಎಂದು ಸನ್ನೆ ಮಾಡಿದರು. ಹೆಣೆದೆ. ಆ ದಿನದ ಸಾಲುಗಳು ಉಳಿದವುಗಳಿಗಿಂತ ಬಿಗಿಯಾಗಿವೆ. ಈಗಲೂ ಬೆರಳಿಗೆ ಗೊತ್ತಾಗುತ್ತದೆ.

ವರದಿಯಲ್ಲಿ ಏನೂ ಇರಲಿಲ್ಲ. ವೈನಿಯದು ಮಗ್ಗದ ಕೆಮ್ಮೇ. ಮುಧೋಳದ ಗಾಳಿಯಲ್ಲಿ ಅದು ತಾನಾಗಿ ಇಳಿದುಹೋಯಿತು. ಅಂದರೆ ಮಗ್ಗದ ಕೆಮ್ಮು ಎಂಬುದೊಂದು ಇಲ್ಲವೆಂದು ನಾನು ವಾದಿಸುತ್ತಿಲ್ಲ. ಇದೆ. ಇರುವುದರಿಂದಲೇ ಅದನ್ನು ಇದರಿಂದ ಬೇರ್ಪಡಿಸಿ ನೋಡಬೇಕು. ಒಂದೇ ಮನೆಯ ಎರಡು ಕೆಮ್ಮುಗಳಲ್ಲಿ ಒಂದು ಧೂಳು, ಇನ್ನೊಂದು ಕ್ಷಯ. ನಿಮ್ಮ ಪ್ರಶ್ನೆ ಎರಡಕ್ಕೂ ಒಂದೇ ಬಾಟಲಿ ಕೊಡುತ್ತಿತ್ತು.

ಹೆಣ್ಣುಕೂಸು ಹುಟ್ಟಿದ ಸುದ್ದಿ ಬೆಳಗಿನ ಚಹಾದ ಹೊತ್ತಿಗೆ ಬಂತು. ಅಷ್ಟರಲ್ಲಿ ನನ್ನ ಕಫದ ಪರೀಕ್ಷೆ ಶುದ್ಧವೆಂದು ಬಂದಿತ್ತು. ಗುಳಿಗೆ ಇನ್ನೂ ನಡೆಯಬೇಕು, ಆದರೆ ಕೂಸನ್ನು ಎತ್ತಿಕೊಳ್ಳಬಹುದು ಎಂದು ವೈದ್ಯೆ ಹೇಳಿದ್ದರು. ಅವ್ವ ಫೋನ್ ಇಟ್ಟವಳೇ "ಈಗ ಮುಚ್ಚು" ಎಂದಳು. ಕೊನೆಯ ಸಾಲು ಮುಚ್ಚಿದೆ. ತೊಟ್ಟಿಲಿನ ದಿನ ಅವ್ವ, ನಾನು, ಹೊದಿಕೆ ಮೂವರೂ ಮುಧೋಳಕ್ಕೆ ಹೋದೆವು.

ವೈನಿಯ ತಾಯಿ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ತಡೆಯಲಿಲ್ಲ. ಮಗಳು ಏನೇನು ಹೇಳಿ ಒಪ್ಪಿಸಿದ್ದರೋ. "ನೀ ಒಳಗ ಬಾ ತಂಗಿ. ಅದನಷ್ಟ ಇಲ್ಲಿ ಕೊಡು," ಎಂದು ಹೊದಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಹಿತ್ತಲಿಗೆ ಒಯ್ದರು. ಅಲ್ಲಿ ಒಲೆಯ ಮೇಲೆ ಕೂಸಿಗೆ ಎರೆಯುವ ನೀರು ಕುದಿಯುತ್ತಿತ್ತು. ಅವರದೂ ಮೂಲದಲ್ಲಿ ನಮ್ಮಂತೆ ನೇಯುವ ಮನೆತನವೇ. ಆದರೆ ಎರಡು ತಲೆಮಾರಿನ ಹಿಂದೆ ಮಗ್ಗ ಬಿಟ್ಟು ನೌಕರಿ ಹಿಡಿದವರು. ದಡಿಯ ಕೆಂಪು ನೂಲನ್ನು ಬಿಸಿನೀರಿಗೆ ತೋರಿಸಬಾರದೆಂಬುದು ಬನಹಟ್ಟಿಯಲ್ಲಿ ಮಕ್ಕಳಿಗೂ ಗೊತ್ತು. ಆ ಮನೆಗೆ ಅದು ಮರೆತುಹೋಗಿತ್ತು. ಅವ್ವ ಅರ್ಥಮಾಡಿಕೊಂಡು ಹಿತ್ತಲಿಗೆ ಓಡುವಷ್ಟರಲ್ಲಿ ಹಂಡೆಯ ನೀರು ಕೆಂಪಗಾಗಿತ್ತು.

ಕೋಲಿನಿಂದ ಎತ್ತಿದಾಗ ಅರಿಶಿನ ಅರಿಶಿನವಾಗಿಯೇ ಇತ್ತು, ನೀಲಿ ನೀಲಿಯಾಗಿಯೇ. ಬಿಳಿಯ ಪಟ್ಟೆ ಮಾತ್ರ ಪೂರ್ತಿ ಗುಲಾಬಿಯಾಗಿತ್ತು.

ವೈನಿಯ ತಾಯಿ ಬಹಳ ಹೊತ್ತು ಆ ಪಟ್ಟೆಯನ್ನೇ ನೋಡಿದರು. ಅವರಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. "ಹೊಲಸ ಮಾಡಬೇಕಂತ ಕುದಸಲಿಲ್ರಿ," ಎಂದರು. "ಬಟ್ಟ್ಯಾಗ ಏನೂ ಇರೂದಿಲ್ಲಂತ ಯಾರರೆ ಬಂದ ಹೇಳಿದ್ರ ನಾ ಯಾಕ ಕುದಸ್ತಿದ್ದೆ?"

ಬಿಸಿಲಿನಲ್ಲಿ ಹರವಿದ ಹೊದಿಕೆ ಮಧ್ಯಾಹ್ನದ ಹೊತ್ತಿಗೆ ಒಣಗಿತು. ವೈನಿ ಅದನ್ನೇ ತರಿಸಿ, ಕೂಸನ್ನು ಅದರಲ್ಲಿ ಸುತ್ತಿ, ತೊಟ್ಟಿಲಿಗೆ ಹಾಕಿಸಿದರು. ನನ್ನನ್ನು ಕರೆದರು. ನಾನು ಮಾಸ್ಕ್ ತೆಗೆಯಲು ಹಿಂದೆಗೆದೆ. ತೆಗೆಯಬಹುದೆಂದು ಗೊತ್ತಿತ್ತು, ಕೈ ಏಳಲಿಲ್ಲ. ವೈನಿಯ ತಾಯಿ ಹಿಂದಿನಿಂದ ಬಂದು ನನ್ನ ಕಿವಿಯ ಮೇಲಿನ ದಾರವನ್ನು ತಾವೇ ಬಿಡಿಸಿದರು. ನಾನು ಬಾಗಿ, ಆ ಪುಟ್ಟ ಕಿವಿಗೆ ಬಾಯಿಟ್ಟು, ಕುರ್ರ್ ಎಂದು ಹೆಸರು ಹೇಳಿದೆ. ಬೆನ್ನ ಮೇಲೆ ಗುದ್ದುಗಳು ಬಿದ್ದವು, ಮೊದಲು ಮೆಲ್ಲಗೆ, ಆಮೇಲೆ ವಾಡಿಕೆಯಷ್ಟೇ ಜೋರಾಗಿ. ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಏನು ಕೇಳಿಸುತ್ತದೋ ಎಂದು ಕಾಯುತ್ತಿದ್ದರೆಂದು ನನಗೆ ಗೊತ್ತಿತ್ತು, ನಾನೂ ಕಾಯುತ್ತಿದ್ದೆ.

ಕೆಮ್ಮು ಬರಲಿಲ್ಲ.

ಈಗ ಗುಳಿಗೆಗಳು ಮುಗಿದಿವೆ. ನಾನು ಗುಣವಾಗಿದ್ದೇನೆ, ಮತ್ತೆ ಜಮಖಂಡಿಯ ಬಸ್ಸು ಹತ್ತುತ್ತಿದ್ದೇನೆ. ಕೂಸು ಬನಹಟ್ಟಿಗೆ ಬಂದು ಮಗ್ಗದ ಸಪ್ಪಳದಲ್ಲೇ ನಿದ್ದೆ ಮಾಡುತ್ತದೆ. ಹೊದಿಕೆಯ ಉಳಿದ ಪಟ್ಟೆಗಳೆಲ್ಲ ನಮ್ಮ ಮನೆಯ ಮಗ್ಗದವು. ಗುಲಾಬಿಯದು ನಿಮ್ಮದು. ಒಬ್ಬರು, ಒಂದೇ ಒಂದು ಸಲ, ಒಂದು ಮನೆಗೆ ಹೋಗಿ ಹತ್ತು ಮಾತು ಆಡದಿದ್ದುದರ ಬಣ್ಣ ಅದು. ಎಷ್ಟು ಒಗೆದರೂ ಹೋಗಿಲ್ಲ.

ಆದ್ದರಿಂದ ಈ ತಾಲ್ಲೂಕುಗಳ ಆರೋಗ್ಯದ ಹೊಣೆ ಹೊತ್ತ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ಮನೆಯಲ್ಲಿ ಮಗ್ಗವಿದೆ ಎಂಬ ಉತ್ತರವನ್ನು ಕಫದ ಪರೀಕ್ಷೆಯ ಬದಲಿಗೆ ಸ್ವೀಕರಿಸುವ ಪದ್ಧತಿಯನ್ನು ಯಾರು ಆರಂಭಿಸಿದರು, ಯಾರು ಕಂಡೂ ಸುಮ್ಮನಿದ್ದರು ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ನಮ್ಮ ಮನೆಗೂ ಮುಧೋಳದ ಆ ಮನೆಗೂ ತಪಾಸಣೆಗೆ ಬರಬೇಕಾಗಿದ್ದವರು ಏಕೆ ಬರಲಿಲ್ಲ ಎಂಬುದಕ್ಕೆ ವಿವರಣೆ ನೀಡಬೇಕು. "ಯಾರರೆ ಬಂದ ಹೇಳಿದ್ರ" ಎಂಬ ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಆಕೆಯ ಮನೆಯ ಬಾಗಿಲಿಗೇ ಹೋಗಿ ಕೊಡಬೇಕು. ಮಗ್ಗದ ಮನೆಗಳಲ್ಲಿ ವಾರಗಟ್ಟಲೆ ಬಿಡದ ಪ್ರತಿಯೊಂದು ಕೆಮ್ಮನ್ನೂ, ಹಳೆಯದೆಂದು ತಳ್ಳಿಹಾಕದೆ, ಪರೀಕ್ಷೆಗೆ ಒಳಪಡಿಸಬೇಕು. ನನ್ನ ಅಪ್ಪನದನ್ನೂ.

ಇದಕ್ಕಾಗಿ ಮನೆ ಮನೆ ತಿರುಗಲು ಸಿಬ್ಬಂದಿ ಸಾಲದೆಂದು ನೀವು ಹೇಳಬಹುದು. ಹಾಗಿದ್ದರೆ ಮಗ್ಗಗಳು ನಿಲ್ಲುವ ದಿನ ನೋಡಿ ಬನ್ನಿ. ಓಣಿಯ ತುದಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಸಾಕು. ಯಾವ ಬಾಗಿಲು ತಟ್ಟಬೇಕೆಂಬುದು ನಿಮಗೇ ಕೇಳಿಸುತ್ತದೆ.